ಹೆಬ್ಬಾತು ನಿಮ್ಮ ತಿಂಡಿಯ ಹೊತ್ತಿಗೆ ಬರುವುದಿಲ್ಲ

ಫೆಬ್ರುವರಿ ಮುಗಿಯುತ್ತಿದ್ದಂತೆ ಬರುವ ಪ್ರಶ್ನೆಗಳಲ್ಲಿ ಹೊಸದೇನೂ ಇರುವುದಿಲ್ಲ. ಈ ಸಲ ಒಂದಕ್ಕೆ ವಿವರವಾಗಿ, ಉಳಿದವಕ್ಕೆ ಅವುಗಳ ಯೋಗ್ಯತೆಗೆ ತಕ್ಕಷ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ಕಲಬುರಗಿಯಿಂದ ನಮ್ಮ ಪಕ್ಷಿವೀಕ್ಷಕರ ತಂಡ ಮಾರ್ಚ್ ಎರಡನೇ ಭಾನುವಾರ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೋಗಿತ್ತು. ಬೆಳಗ್ಗೆ ಆರಕ್ಕೇ ಒಡ್ಡಿನ ಮೇಲಿದ್ದೆವು. ಎಂಟರವರೆಗೆ ಕಾದು ತಿಂಡಿಗೆ ಹೊರಟೆವು. ಚಳಿಗಾಲಕ್ಕೆ ವಲಸೆ ಬರುವ ಪಟ್ಟೆತಲೆ ಹೆಬ್ಬಾತು ಒಂದೂ ಕಾಣಲಿಲ್ಲ. ಮುಂದಿನ ಸಲ ಡ್ರೋನ್ ಹಾರಿಸಿ ಹುಡುಕಬಹುದೇ?

ಉತ್ತರ: ನೀವು ತಪ್ಪಿದ್ದು ತಿಂಗಳನ್ನೂ ಹೌದು, ಗಂಟೆಯನ್ನೂ ಹೌದು. ನಸುಕಿನಲ್ಲೇ ಹೋಗಬೇಕೆಂಬುದು ಕಾಡುಹಕ್ಕಿಗಳಿಗೆ ಹೊಂದುವ ಮಾತು. ಹೆಬ್ಬಾತು ಹೆಚ್ಚಾಗಿ ಮೇಯುವುದು ರಾತ್ರಿ. ಕತ್ತಲಾಗುವಾಗ ಕೆರೆ ಬಿಟ್ಟು ಹೊಲಕ್ಕೆ ಇಳಿಯುತ್ತದೆ. ಭತ್ತದ ಕೂಳೆ, ಕಡಲೆ, ಎಳೆಹುಲ್ಲು ಮೇದು, ಬಿಸಿಲೇರಿದ ಮೇಲೆ ಗುಂಪುಗುಂಪಾಗಿ ನೀರಿಗೆ ಮರಳುತ್ತದೆ. ಹಗಲೆಲ್ಲ ಅದಕ್ಕೆ ಕೆರೆಯೆಂದರೆ ವಿಶ್ರಾಂತಿಯ ಜಾಗ. ನೀವು ತಿಂಡಿಗೆ ಎದ್ದದ್ದು ಅವು ಬರುವ ಹೊತ್ತಿಗೆ! ಒಡ್ಡಿನ ಮೇಲೆ ಸಾಲಾಗಿ ನಿಂತ ಜನರನ್ನು ಕಂಡರೆ, ಬಂದ ಗುಂಪೂ ಒಂದು ಸುತ್ತು ಹಾಕಿ ಬೇರೆ ಕೆರೆಗೆ ಹೋಗುತ್ತದೆ.

ಇನ್ನು ತಿಂಗಳು. ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆಯ ಕಾಲ. ಫೆಬ್ರುವರಿ ಕೊನೆಯಿಂದ ಅವು ಉತ್ತರಕ್ಕೆ ಹೊರಡತೊಡಗುತ್ತವೆ. ಮಾರ್ಚ್ ನಡುವೆ ಹೋಗಿ ಹಕ್ಕಿ ಇಲ್ಲವೆನ್ನುವುದು ಜಾತ್ರೆ ಮುಗಿದ ಮೇಲೆ ತೇರು ಹುಡುಕಿದಂತೆ.

ಡ್ರೋನ್ ಮಾತಿಗೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಹೊರಡುವ ಮುನ್ನಿನ ವಾರಗಳಲ್ಲಿ ಹೆಬ್ಬಾತು ಎಡೆಬಿಡದೆ ಮೇದು ಮೈಯಲ್ಲಿ ಕೊಬ್ಬು ಕೂಡಿಸುತ್ತದೆ. ಹಿಮಾಲಯ ದಾಟುವ ಪಯಣಕ್ಕೆ ಅದೇ ಬುತ್ತಿ. ಅದು ಎವರೆಸ್ಟ್ ಶಿಖರದ ನೆತ್ತಿಯ ಮೇಲೆಯೇ ಹಾರುತ್ತದೆಂದು ಮೊಬೈಲ್‌ನಲ್ಲಿ ಹರಿದಾಡುವ ಕಥೆಯನ್ನು ನನಗೆ ಕಳುಹಿಸಬೇಡಿ. ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದ ಅಧ್ಯಯನದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ ಸುಮಾರು 7,290 ಮೀಟರ್, ಎವರೆಸ್ಟ್ 8,849. ಬಹುಪಾಲು ಹಾರಾಟ ಅದಕ್ಕಿಂತಲೂ ಬಹಳ ಕೆಳಗೆ, ಕಣಿವೆಯ ಏರಿಳಿತಕ್ಕೆ ತಕ್ಕಂತೆ ಏರುತ್ತ ಇಳಿಯುತ್ತ ನಡೆಯುತ್ತದೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದು ದುಬಾರಿ ಕೆಲಸ, ಆದ್ದರಿಂದ ಅನವಶ್ಯಕವಾಗಿ ಮೇಲೇರುವುದಿಲ್ಲ. ಹೀಗೆ ಲೆಕ್ಕ ಹಾಕಿ ಬದುಕುವ ಹಕ್ಕಿಯನ್ನು ನಿಮ್ಮ ಒಂದು ವಿಡಿಯೊಗಾಗಿ ಎಬ್ಬಿಸುತ್ತೀರಾ? ಮೇಲಿಂದ ಬರುವ ಯಾವುದನ್ನೂ ಅದು ಹದ್ದೆಂದೇ ಭಾವಿಸಿ ಗುಂಪಿಗೆ ಗುಂಪೇ ಏಳುತ್ತದೆ. ಅರಣ್ಯ ಇಲಾಖೆ ಅನುಮತಿ ಕೊಟ್ಟರೂ ನಾನು ಬೇಡವೆಂದೇ ಹೇಳುತ್ತೇನೆ. ಜನವರಿಯಲ್ಲಿ ಹೋಗಿ, ಎಂಟರ ನಂತರ ಮರದ ಮರೆಯಲ್ಲಿ ಕುಳಿತುಕೊಳ್ಳಿ. ತಂಡ ದೊಡ್ಡದಿದ್ದರೆ ಒಡೆದು ಎರಡು ಮಾಡಿ. ಬಿಳಿ ಅಂಗಿಯವರನ್ನು ಹಿಂದೆ ಕೂರಿಸಿ.

ಪ್ರಶ್ನೆ: ಈ ಹೆಬ್ಬಾತುಗಳೆಲ್ಲ ಸೈಬೀರಿಯಾದ ಹಕ್ಕಿಗಳಲ್ಲವೇ?

ಉತ್ತರ: ಅಲ್ಲ. ಹೆಬ್ಬಾತು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದಲ್ಲೇ ಕಂಡಿವೆ. ಬೆಳ್ಳಕ್ಕಿಗೂ ಸೈಬೀರಿಯಾದ ವಿಳಾಸ ಕೊಡುವವರಿದ್ದಾರೆ, ಅದು ನಮ್ಮೂರಿನದೇ.

ಪ್ರಶ್ನೆ: ಯಾವ ದುರ್ಬೀನು ಕೊಳ್ಳಲಿ?

ಉತ್ತರ: 8×42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿಲಿಮೀಟರ್ ಅಗಲದ ಮುಂಗಾಜಿನದು. ಅಂಗಡಿಯವನು ದೊಡ್ಡ ಸಂಖ್ಯೆ ತೋರಿಸಿದರೆ ಕೈ ನಡುಗುತ್ತದೆಂದು ಹೇಳಿ ಎದ್ದುಬನ್ನಿ.

ಪ್ರಶ್ನೆ: ನಡೆದು ನಡೆದು ಮೊಣಕಾಲು ನೋಯುತ್ತಿದೆ. ಸಂತೆಯಲ್ಲಿ ಒಬ್ಬರು ನವಿಲೆಣ್ಣೆ ಕೊಟ್ಟರು. ಹಚ್ಚಬಹುದೇ?

ಉತ್ತರ: ಪಕ್ಷಿವೀಕ್ಷಕರಾಗಿ ಇದನ್ನು ಕೇಳುತ್ತೀರಲ್ಲ! ಸೀಸೆಯಲ್ಲಿರುವುದು ಬಹುಶಃ ಯಾವುದೋ ಅಗ್ಗದ ಎಣ್ಣೆ. ನಿಜವಾಗಿಯೂ ನವಿಲಿನದೇ ಆಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರಿದವನೂ ಕೊಂಡವರೂ ಅಪರಾಧಿಗಳು. ಮೊಣಕಾಲನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮೊಬೈಲ್‌ನಲ್ಲಿ ಕೂಗು ಹಾಕಿದರೆ ಹಕ್ಕಿ ಹತ್ತಿರ ಬರುತ್ತದಂತೆ?

ಉತ್ತರ: ಬರುತ್ತದೆ, ಜಗಳಕ್ಕೆ. ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿದೆಯೆಂದು ಗೂಡಿನ ಕೆಲಸ ಬಿಟ್ಟು ಬರುತ್ತದೆ. ಹಾಕಬೇಡಿ.

ಪ್ರಶ್ನೆ: ಬೀದರ್ ಕಡೆಯ ಬಯಲಿನಲ್ಲಿ ಒಂದು ಟಿಟ್ಟಿಭ ನಮ್ಮ ತಲೆಯ ಮೇಲೆಯೇ ಸುತ್ತುತ್ತ ಕಿರುಚುತ್ತಿತ್ತು. ಅಪಶಕುನವೇ?

ಉತ್ತರ: ಅದಕ್ಕೆ ನೀವೇ ಅಪಶಕುನ. ಮಾರ್ಚ್‌ನಿಂದ ಅದು ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ. ಕಲ್ಲಿನ ಬಣ್ಣದ ಮೊಟ್ಟೆ ನಿಮ್ಮ ಕಾಲಬುಡದಲ್ಲೇ ಇರಬಹುದು. ಫೋಟೊ ತೆಗೆಯುತ್ತ ನಿಲ್ಲದೆ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ.