ಕೊಟ್ಟ ಪುಸ್ತಕ ಓದದ ಗೆಳತಿ

ಪ್ರಶ್ನೆ: ನನಗೆ ತುಂಬಾ ಹಿಡಿಸಿದ ಕಾದಂಬರಿಯೊಂದನ್ನು ಗೆಳತಿಗೆ ಓದಲು ಕೊಟ್ಟೆ. ನಾಲ್ಕು ತಿಂಗಳಾಯ್ತು. ಕೇಳಿದಾಗಲೆಲ್ಲ 'ಶುರು ಮಾಡಿದೀನಿ ಕಣೇ' ಅಂತಾಳೆ. ಇನ್ನು ಯಾರಿಗೂ ಪುಸ್ತಕ ಕೊಡಬಾರದು ಅನ್ನಿಸಿಬಿಟ್ಟಿದೆ. ನೀವೇನು ಹೇಳ್ತೀರಿ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸದ್ಯಕ್ಕೆ ಕೇಳುವುದನ್ನು ಬಿಡಿ, ಅಷ್ಟು ಸಾಕು. ಎರಡು ಮೂರು ಸಲ ಕೇಳಿದರೆ ಪುಸ್ತಕ ಸಾಲದ ಹಾಗೆ ಕಾಣತೊಡಗುತ್ತದೆ.

ನನ್ನ ಗೆಳೆಯ ಒಮ್ಮೆ ತನಗೆ ಪ್ರಾಣವಾದ ದಪ್ಪ ಕಾದಂಬರಿ ಕೊಟ್ಟು ವಾರ ವಾರ ವಿಚಾರಿಸುತ್ತಿದ್ದ. ನನಗೆ ಅದನ್ನು ಮುಟ್ಟಲೂ ಮನಸ್ಸಾಗುತ್ತಿರಲಿಲ್ಲ. ಅವನು ಸುಮ್ಮನಾದ. ಆಮೇಲೊಮ್ಮೆ ಜ್ವರ ಬಂದು ಮಲಗಿದಾಗ ಕೈಗೆ ಸಿಕ್ಕಿದ್ದು ಅದೇ. ಮೂರು ದಿನಕ್ಕೆ ಮುಗಿಸಿದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಹಲೋ ಕೂಡ ಅನ್ನದೆ, 'ಆ ಅಜ್ಜಿ ಕೊನೆಗೂ ಬಾಗಿಲು ಯಾಕೆ ತೆಗೀಲಿಲ್ಲ?' ಅಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, 'ಓದಿದೆಯಾ!' ಅಂದ. ಆ ಖುಷಿ ಈಗಲೂ ಕಿವಿಯಲ್ಲಿದೆ. ಬಾಗಿಲ ವಿಷಯದಲ್ಲಿ ನಮಗೆ ಇವತ್ತಿಗೂ ಒಮ್ಮತವಿಲ್ಲ.

ಇನ್ನೊಂದು ಮಾತು. ಅವಳು ಓದಿದರೂ ನಿಮಗೆ ಇಷ್ಟವಾದದ್ದೇ ಅವಳಿಗೂ ಇಷ್ಟವಾಗಬೇಕಿಲ್ಲ. ನಾನು ಕೊಟ್ಟ ಪುಸ್ತಕವೊಂದು ಹಿಂದಿರುಗಿದಾಗ ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಗೆರೆಗಳಿದ್ದವು. ನನ್ನನ್ನು ಅಳಿಸಿದ ಪುಟದಲ್ಲಿ ಒಂದೂ ಇಲ್ಲ. ಅಪ್ಪ ಕಿಟಕಿ ಬಳಿ ಕೂತು ಮಗನ ಅಂಗಿಗೆ ಗುಂಡಿ ಹೊಲಿಯುವ ಮೂರು ಸಾಲಿನ ಪಕ್ಕ ಉದ್ದ ಗೆರೆ! ಎಷ್ಟೋ ಸಲ ಓದಿದ ಪುಸ್ತಕ ಅದು. ಆ ಮೂರು ಸಾಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಪುಸ್ತಕ ಕೊಡುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಇದೇ.

ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಹೀಗಿವೆ: ಪ್ರತಿ ಓದುಗರಿಗೂ ಅವರ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಆ ಕಾದಂಬರಿಗೆ ತಕ್ಕ ಓದುಗರು ನಿಮ್ಮ ಗೆಳತಿ ಅಲ್ಲದೆ ಇರಬಹುದು. ಮುಂದಿನ ಸಲ 'ಓದಲೇಬೇಕು' ಅನ್ನಬೇಡಿ. 'ಇದರಲ್ಲಿ ಒಬ್ಬಳು ಥೇಟ್ ನಿನ್ನ ಹಾಗೇ ಜಗಳ ಆಡ್ತಾಳೆ' ಅನ್ನಿ. ಅಷ್ಟು ಕೇಳಿ ಯಾರಾದರೂ ಪುಟ ತೆರೆಯದೆ ಇರ್ತಾರಾ?

ಪ್ರಶ್ನೆ: ಓದುವ ಗೆಳೆಯರೇ ನನಗಿಲ್ಲ. ಹೊಸ ಪುಸ್ತಕ ಹುಡುಕುವುದು ಹೇಗೆ?

ಉತ್ತರ: ಗ್ರಂಥಾಲಯದಲ್ಲಿ ನಿಮಗೆ ಇಷ್ಟವಾದ ಪುಸ್ತಕ ಇರುವ ಕಪಾಟಿನ ಮುಂದೆ ನಿಂತು ಅದರ ಎಡಕ್ಕೂ ಬಲಕ್ಕೂ ನೋಡಿ. 1876ರಲ್ಲಿ ಬಂದ, ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿ ಬಳಸುವ ಕಡೆ ಒಂದೇ ವಿಷಯದ ಪುಸ್ತಕಗಳು ಅಕ್ಕಪಕ್ಕ ಇರುತ್ತವೆ. ಹಕ್ಕಿಗಳ ಪುಸ್ತಕಗಳಿಗೆ 598. ಅಲ್ಲಿಂದ ಸ್ವಲ್ಪ ಹಿಂದೆ ಸರಿದರೆ, 595ರಲ್ಲಿ, ಕೀಟಗಳೂ ಜೇಡಗಳೂ ಸಿಗುತ್ತವೆ. ನಾನು ಜೇಡಗಳ ಬಗ್ಗೆ ಓದಲು ಶುರು ಮಾಡಿದ್ದು ಹೀಗೇ, ಹಕ್ಕಿಗಳನ್ನು ಹುಡುಕಿಕೊಂಡು ಹೋಗಿ. ಗೆಳೆಯರ ವಿಷಯ ಹೇಳಬೇಕೆಂದರೆ, ಅದೇ ಕಪಾಟಿನ ಮುಂದೆ ಇನ್ನೊಬ್ಬರು ನಿಂತಿದ್ದರೆ ಏನು ಹುಡುಕುತ್ತಿದ್ದೀರಿ ಅಂತ ಕೇಳಿ ನೋಡಿ.