ಅಕ್ವೇರಿಯಂಗೆ ಹೀಟರ್: ಎಷ್ಟು ವ್ಯಾಟ್, ಅಳವಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಮಡಿಕೇರಿಯಲ್ಲಿದೆ. ಎರಡು ಅಡಿ ಉದ್ದ, ತಲಾ ಒಂದು ಅಡಿ ಅಗಲ ಮತ್ತು ಎತ್ತರವಿರುವ ಅಕ್ವೇರಿಯಂನಲ್ಲಿ ನಿಯಾನ್ ಟೆಟ್ರಾ, ಗಪ್ಪಿ ಹಾಗೂ ಒಂದು ಗೋಲ್ಡ್‌ಫಿಶ್ ಇವೆ. ಚಳಿಗಾಲದಲ್ಲಿ ಬೆಳಗಿನ ಹೊತ್ತಿಗೆ ನೀರು 18 ಡಿಗ್ರಿಗೆ ಇಳಿದು, ಟೆಟ್ರಾ ಮತ್ತು ಗಪ್ಪಿಗಳು ಮೂಲೆ ಹಿಡಿದು ನಿಲ್ಲುತ್ತವೆ. ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಅಂಗಡಿಯವರು 200 ವ್ಯಾಟ್ ಹೀಟರ್ ತೆಗೆದುಕೊಳ್ಳಲು ಹೇಳುತ್ತಿದ್ದಾರೆ. ಅದು ಸರಿಯೇ? ಅಳವಡಿಸುವ ಕ್ರಮ ಯಾವುದು? ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಕರೆಂಟಿನ ಭಯವೂ ಇದೆ.

ಉತ್ತರ: ನಿಮ್ಮ ಮೀನುಗಳಿಗೆ ಹೀಟರ್ ಬೇಕೇ ಬೇಕು, ಆದರೆ 200 ವ್ಯಾಟ್‌ನದನ್ನು ದಯವಿಟ್ಟು ಕೊಳ್ಳಬೇಡಿ. ಕಲ್ಲು, ಮರಳುಗಳ ಜಾಗ ಕಳೆದರೆ ನಿಮ್ಮ ತೊಟ್ಟಿಯಲ್ಲಿ ಇರುವುದು ಸುಮಾರು 45 ಲೀಟರ್ ನೀರು. ಲೀಟರಿಗೆ ಒಂದು ವ್ಯಾಟ್ ಎಂಬುದು ಅಕ್ವೇರಿಯಂ ಸಾಕುವವರಲ್ಲಿ ರೂಢಿಯಲ್ಲಿರುವ ಲೆಕ್ಕ. ನೀವು ನೀರನ್ನು ಏಳು ಡಿಗ್ರಿಯಷ್ಟು ಏರಿಸಬೇಕಾಗಿರುವುದರಿಂದ ಸ್ವಲ್ಪ ಹೆಚ್ಚು ಹಿಡಿದು 75 ವ್ಯಾಟ್‌ನದನ್ನು ಆರಿಸಿಕೊಳ್ಳಿ.

ದೊಡ್ಡ ಹೀಟರ್ ಏಕೆ ಬೇಡವೆಂದರೆ, ಸಾಮಾನ್ಯ ಹೀಟರುಗಳಲ್ಲಿ ನೀರಿನ ಬಿಸಿ ನೋಡಿ ತಾನಾಗಿ ಆರಿಸುವ, ಹೊತ್ತಿಸುವ ಭಾಗವಾದ ಥರ್ಮೋಸ್ಟಾಟ್ ಕೆಡುವಾಗ ಹಲವು ಬಾರಿ ಅದರ ಸಂಪರ್ಕಬಿಂದುಗಳು ಒಂದಕ್ಕೊಂದು ಅಂಟಿಕೊಂಡು, ಹೀಟರ್ ಆರದೆ ಉರಿಯುತ್ತಲೇ ಇರುತ್ತದೆ. ಆಗ 200 ವ್ಯಾಟ್‌ನ ಹೀಟರ್ 45 ಲೀಟರ್ ನೀರನ್ನು ಸುಮಾರು 16 ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸತೊಡಗುತ್ತದೆ. ಹೊರಗೆ ಹೋಗುವ ಶಾಖವನ್ನು ಕಳೆದರೂ, ನೀವು ಮಲಗಿ ಏಳುವಷ್ಟರಲ್ಲಿ ನೀರು 35 ಡಿಗ್ರಿ ದಾಟಿ ಮೀನುಗಳು ಸತ್ತಿರಬಹುದು. 75 ವ್ಯಾಟ್‌ನದು ಕೆಟ್ಟರೆ ಅದೇ ಒಂದು ಡಿಗ್ರಿಗೆ 40 ನಿಮಿಷಕ್ಕೂ ಹೆಚ್ಚು ಬೇಕು, ಮತ್ತು ನಿಮ್ಮ ಕೋಣೆಯ ಚಳಿಯಲ್ಲಿ ನೀರು 30ರ ಆಸುಪಾಸಿನಲ್ಲಿ ನಿಲ್ಲುವ ಸಂಭವವೇ ಹೆಚ್ಚು. ಮೀನುಗಳಿಗೆ ಅದೂ ಹಿತವಲ್ಲ, ಆದರೆ ನೀವು ಗಮನಿಸಿ ಸ್ವಿಚ್ ಆರಿಸಲು ಸಮಯ ಸಿಗುತ್ತದೆ.

ಅಳವಡಿಸುವಾಗ ಫಿಲ್ಟರಿನ ನೀರು ಹೊರಬರುವ ಕಡೆ, ಹರಿವು ತಾಗುವಂತೆ, ಹೀಟರನ್ನು ರಬ್ಬರ್ ಹಿಡಿಕೆಗಳಿಂದ ಹಿಂಬದಿಯ ಗಾಜಿಗೆ ಅಂಟಿಸಿ. ಅದನ್ನು ಮರಳಿನಲ್ಲಿ ಹೂಳಬಾರದು. ಪೂರ್ತಿ ಮುಳುಗಿಸಬಹುದಾದ ಮಾದರಿಯಾಗಿದ್ದರೆ ಕೆಳಭಾಗದಲ್ಲಿ ಅಡ್ಡಲಾಗಿ ಇಡುವುದು ಒಳ್ಳೆಯದು, ಏಕೆಂದರೆ ನೀರು ಆವಿಯಾಗಿ ಮಟ್ಟ ಇಳಿದರೂ ಅದು ಹೊರಗೆ ಕಾಣುವುದಿಲ್ಲ; ನೀರಿನಿಂದ ಹೊರಗುಳಿದ ಗಾಜಿನ ಕೊಳವೆ ವಿಪರೀತ ಕಾದು ಒಡೆಯುವ ಅಪಾಯವಿದೆ. ನೀರಿಗೆ ಇಳಿಸಿದ ಮೇಲೆ ಅರ್ಧ ಗಂಟೆ ಹಾಗೆಯೇ ಬಿಟ್ಟು, ಗಾಜು ನೀರಿನ ತಾಪಮಾನಕ್ಕೆ ಬಂದ ನಂತರವೇ ಸ್ವಿಚ್ ಹಾಕಿ. ನೀರು ಬದಲಿಸುವಾಗ ಮೊದಲು ಪ್ಲಗ್ ಕಿತ್ತು, ಹೀಟರ್ ತಣಿಯಲು ಕಾಲು ಗಂಟೆ ಕೊಟ್ಟು, ಆಮೇಲೆ ನೀರು ತೆಗೆಯಿರಿ.

ಹೀಟರಿನ ತಿರುಪಿನ ಮೇಲೆ ಬರೆದ ಅಂಕಿಯನ್ನೇ ನಂಬಬೇಡಿ, ಅದರಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಸಾಮಾನ್ಯ. ಹೀಟರಿನಿಂದ ದೂರದ ಮೂಲೆಯಲ್ಲಿ ಪ್ರತ್ಯೇಕ ಥರ್ಮಾಮೀಟರ್ ಇಟ್ಟು, ಮೊದಲ ದಿನ 20 ಡಿಗ್ರಿಗೆ ಹೊಂದಿಸಿ, ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ 25ಕ್ಕೆ ನಿಲ್ಲಿಸಿ. ಟೆಟ್ರಾ, ಗಪ್ಪಿ ಎರಡಕ್ಕೂ ಅದು ಹೊಂದುತ್ತದೆ. ಹಗಲು 25, ರಾತ್ರಿ 18 ಎಂದು ಹೊಯ್ದಾಡುವುದಕ್ಕಿಂತ 23ರಲ್ಲೇ ಸ್ಥಿರವಾಗಿರುವುದು ಮೀನಿಗೆ ಲೇಸು. ಮೈಮೇಲೆ ಉಪ್ಪಿನ ಹರಳಿನಂತಹ ಚುಕ್ಕೆಗಳೇಳುವ ಬಿಳಿಚುಕ್ಕೆ ರೋಗ ಇಂತಹ ಏರಿಳಿತದ ಬೆನ್ನಲ್ಲೇ ಬರುವುದುಂಟು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುವುದರಿಂದ ಏರ್ ಪಂಪನ್ನು ರಾತ್ರಿಯೂ ನಿಲ್ಲಿಸಬೇಡಿ.

ಕರೆಂಟಿನ ವಿಚಾರದಲ್ಲಿ ನಿಮ್ಮ ಭಯ ನ್ಯಾಯವಾದದ್ದು. ಹೀಟರನ್ನು ಅರ್ಥಿಂಗ್ ಇರುವ ಸಾಕೆಟ್ಟಿಗೇ ಜೋಡಿಸಿ, ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನನ್ನು ತಾನಾಗಿ ಕಡಿಯುವ ಸುರಕ್ಷತಾ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಿ. ಇಲ್ಲದಿದ್ದರೆ ಹೀಟರ್ ಕೊಳ್ಳುವ ಮೊದಲೇ ಹಾಕಿಸಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತಿರಲಿ, ಆಗ ವೈರಿನ ಗುಂಟ ಜಾರಿದ ನೀರು ಪ್ಲಗ್ಗಿಗೆ ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ. ಪ್ಲಗ್ ಕೀಳದೆ ಯಾರೂ ನೀರಿಗೆ ಕೈ ಹಾಕಬಾರದೆಂಬ ನಿಯಮ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಇರಲಿ.

ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ನಿಮ್ಮ ಊರಿನಲ್ಲಿ ತೊಟ್ಟಿಗೆ ಮುಚ್ಚಳ ಅಗತ್ಯ. ಹಿಂಬದಿಗೂ ಪಕ್ಕಗಳಿಗೂ ಥರ್ಮೋಕೋಲ್ ಹಲಗೆ ಅಂಟಿಸಿದರೆ ಶಾಖ ಬೇಗ ಇಳಿಯುವುದಿಲ್ಲ. ದೀರ್ಘಕಾಲ ಕರೆಂಟ್ ಇಲ್ಲದಿದ್ದಾಗ ಮೇಲೊಂದು ಕಂಬಳಿ ಹೊದಿಸಬಹುದು, ಆದರೆ ಗಾಳಿಯಾಡಲು ಸ್ವಲ್ಪ ತೆರಪು ಬಿಡಿ. ಕುದಿಯುವ ನೀರನ್ನು ಮಾತ್ರ ನೇರವಾಗಿ ಸುರಿಯಬೇಡಿ.

ಗೋಲ್ಡ್‌ಫಿಶ್ ಮೂಲೆ ಹಿಡಿಯದಿರುವುದು ಸಹಜ: ಅದು ತಣ್ಣೀರಿನ ಮೀನು, 18 ಡಿಗ್ರಿಯಲ್ಲಿ ಆರಾಮವಾಗಿರುತ್ತದೆ. ಬೆಳೆದಂತೆ ಪುಟ್ಟ ಟೆಟ್ರಾಗಳನ್ನು ನುಂಗಲೂಬಹುದು. ಹೀಟರ್ ಹಾಕುವ ಮೊದಲು ಅದನ್ನು ಫಿಲ್ಟರ್ ಇರುವ, ಇನ್ನೂ ದೊಡ್ಡದಾದ ಬೇರೆ ತೊಟ್ಟಿಗೆ ಬಿಡಿ. ಅಲ್ಲಿಗೆ ಹೀಟರ್ ಬೇಕಿಲ್ಲ.