ಜಿಪ್ಸಿಗೆ ಬಲೆನೋ ಎಂಜಿನ್: ಕಂಪ್ಯೂಟರ್ ಯಾವುದು ಇಡೋದು?

ಸರ್, ಕಾರ್ಬ್ಯುರೇಟರ್ ಜಿಪ್ಸಿಗೆ ಹಳೇ ಬಲೆನೋದ 1.6 ಎಂಜಿನ್ ಕೂರಿಸುತ್ತಿದ್ದೇನೆ, ಎಂಜಿನ್ ನಡೆಸುವ ಕಂಪ್ಯೂಟರ್ ಬಲೆನೋದ್ದೇ ಸಾಕಾ, ಸ್ಟಾಂಡ್‌ಅಲೋನ್ (ನಾವೇ ಟ್ಯೂನ್ ಮಾಡಿಕೊಳ್ಳುವ ಬೇರೆ ಕಂಪ್ಯೂಟರ್) ಹಾಕಲಾ ಅಂತ ಕೇಳಿದ್ದೀರಿ. ಎಂಜಿನ್ ಒಳಗೆ ಏನೂ ಬದಲಾಯಿಸಿಲ್ಲ ಅಲ್ವಾ? ಹಾಗಿದ್ದರೆ ಬಲೆನೋದ್ದೇ ಇರಲಿ. ಚಳಿಯಲ್ಲಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವುದು, ಎಸಿ ಹಾಕಿದಾಗ ಐಡ್ಲಿಂಗ್ ಬೀಳದಿರುವುದು, ಇದನ್ನೆಲ್ಲ ಕಂಪನಿಯವರು ಆಗಲೇ ಕೂತು ಸರಿಮಾಡಿದ್ದಾರೆ. ಸ್ಟಾಂಡ್‌ಅಲೋನ್ ಹಾಕಿದರೆ ಅಷ್ಟೂ ನಿಮ್ಮ ತಲೆ ಮೇಲೆ.

ಆದರೆ ಬರೀ ಇಸಿಎಂ (ಅದೇ ಎಂಜಿನ್ ಕಂಪ್ಯೂಟರ್) ತಂದರೆ ಆಗಲ್ಲ. ವೈರಿಂಗ್ ಪೂರ್ತಿ ಬೇಕು, ಎಲ್ಲೂ ಕತ್ತರಿಸಿರಬಾರದು. ಇಮೊಬಿಲೈಜರ್ (ಬೇರೆ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯದ್ದಾದರೆ ಕೀ ಮತ್ತು ಅದರ ಪೆಟ್ಟಿಗೆಯೂ ಅದೇ ಗಾಡಿಯದ್ದೇ ಆಗಬೇಕು. ನಾನು ಇಲ್ಲೇ ಎಡವಿದೆ. ಗುಜರಿಯವನು ಬಿಚ್ಚೋಕೆ ಬೇಜಾರಾಗಿ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ತಗಡು) ಹತ್ತಿರ ವೈರನ್ನು ಕಚಕ್ ಅಂತ ಕತ್ತರಿಸಿಕೊಟ್ಟಿದ್ದ. ಒಂದೊಂದೇ ಬಣ್ಣ ನೋಡಿ ಜೋಡಿಸುವಷ್ಟರಲ್ಲಿ ಆರು ಭಾನುವಾರ ಹೋಯಿತು, ಹೆಂಡತಿ ಮಾತು ಬಿಟ್ಟಿದ್ದಳು.

ಇನ್ನೆರಡು ವಿಷಯ. ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್ಲಿನದು, ಬಲೆನೋ ಇಸಿಎಂ ಸ್ಪೀಡ್ ಸೆನ್ಸರ್ ಹುಡುಕುತ್ತದೆ. ಅದು ಸಿಗದಿದ್ದರೆ ಚೆಕ್ ಎಂಜಿನ್ ದೀಪ ಆರುವುದೇ ಇಲ್ಲ. ಕೇಬಲ್ ಮಧ್ಯೆ ಕೂರುವ ಸೆನ್ಸರ್ ಒಂದು ಹಾಕಿಸಿ. ಇನ್ನೊಂದು ಪಂಪ್. ಕಾರ್ಬ್ಯುರೇಟರ್ ಪಂಪಿನ ಪ್ರೆಶರ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿಗೆ ಏನೇನೂ ಸಾಲದು, ಅದಕ್ಕೆ ಹತ್ತಿರಹತ್ತಿರ 3 ಬಾರ್ ಬೇಕು. ಎಲೆಕ್ಟ್ರಿಕ್ ಪಂಪ್, ಇಂಜೆಕ್ಷನ್ ಗಾಡಿಯ ಹೋಸ್, ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನ್ ಮೂರೂ ನೋಡಿಕೊಳ್ಳಿ. ಈ ಖರ್ಚು ಯಾವ ಕಂಪ್ಯೂಟರ್ ಹಾಕಿದರೂ ತಪ್ಪಿದ್ದಲ್ಲ.

ಟರ್ಬೋ ಅಥವಾ ಬೇರೆ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕುವ ಆಸೆ ಇದ್ದರೆ ಮಾತ್ರ ಸ್ಟಾಂಡ್‌ಅಲೋನ್. ಅದರಲ್ಲಿ ಸ್ಪೀಡುಯಿನೋ ಅನ್ನೋದು ಅಗ್ಗ, ಆರ್ಡುಯಿನೋ ಮೆಗಾ ಎಂಬ ಸಣ್ಣ ಕಂಟ್ರೋಲರ್ ಬೋರ್ಡ್ ಮೇಲೆ ಓಡುತ್ತದೆ. ಬೋರ್ಡ್ ದುಡ್ಡು ನೋಡಿ ಖುಷಿಪಡಬೇಡಿ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್, ಲ್ಯಾಪ್‌ಟಾಪ್, ಪವರ್ ಅಳೆಯುವ ಡೈನೋ, ಟ್ಯೂನಿಂಗ್ ಗೊತ್ತಿರುವವರ ಕೂಲಿ, ಎಲ್ಲಾ ಸೇರಿ ಜೇಬು ಖಾಲಿ. ಗಾಳಿ-ಪೆಟ್ರೋಲ್ ತೂಕದ ಲೆಕ್ಕ 14.7ಕ್ಕೆ 1 ಅಂತ ಓದಿ ಫುಲ್ ಥ್ರಾಟಲ್‌ನಲ್ಲೂ ಅದನ್ನೇ ಇಟ್ಟವರಿದ್ದಾರೆ. ಅಲ್ಲಿ ಟರ್ಬೋ ಇಲ್ಲದ ಎಂಜಿನ್‌ಗೆ 12.5ರಿಂದ 13 ಬೇಕು, ಟರ್ಬೋಗೆ ಇನ್ನೂ ಕಡಿಮೆ. ಪ್ಲಗ್ ಕಿಡಿ ಹೊಡೆಯುವ ಟೈಮಿಂಗ್ ಜಾಸ್ತಿ ಮುಂದೆ ಹೋದರೆ ನಾಕಿಂಗ್ (ಒಳಗೆ ಪೆಟ್ರೋಲ್ ತಾನಾಗೇ ಸಿಡಿಯುವುದು) ಬಂದು ಪಿಸ್ಟನ್ನೇ ಹೋಗುತ್ತದೆ.

ಅಂದಹಾಗೆ ಆರ್‌ಟಿಒ ಅನುಮತಿ ಮೊದಲೇ ಕೇಳಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗದಿದ್ದರೆ ಇನ್ಶೂರೆನ್ಸ್‌ನವರೂ ಕೈ ಎತ್ತುತ್ತಾರೆ.

ಎಂಜಿನ್ ಜೊತೆ ವೈರಿಂಗ್ ಎಷ್ಟು ಬಂದಿದೆ? ಒಂದು ಫೋಟೋ ಹಾಕಿ, ನೋಡೋಣ.